ಕಮಾಂಡೊ ಕೆಲಸಕ್ಕೆ ನೇರ ಅರ್ಜಿ ಇಲ್ಲ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರು ಮಾಡಿದ ಭಾಷಣ)

ವೇದಿಕೆಯ ಮೇಲಿನ ಹಿರಿಯರೇ, ದಾನಿಗಳೇ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಿಂದ ಮಕ್ಕಳನ್ನು ಕರೆದುಕೊಂಡು ಬಂದ ತಂದೆ-ತಾಯಿಯರೇ,

ಈ ಸಲದ ಅರ್ಜಿಗಳಲ್ಲಿ "ಮುಂದೆ ಏನಾಗಬೇಕು" ಎಂಬಲ್ಲಿ ಕೆಲವು ಹುಡುಗರು "ಕಮಾಂಡೊ" ಎಂದು ಬರೆದಿದ್ದಾರೆ. ಓದಿ ಸಂತೋಷವಾಯಿತು. ಆದರೆ "ನೇರ ಕಮಾಂಡೊ ಭರ್ತಿ ಮಾಡಿಸ್ತೀನಿ" ಎಂದು ರೊಕ್ಕ ಕೇಳುವವರೂ ಇದ್ದಾರೆ. ಮಗ್ಗ ಒತ್ತೆ ಇಟ್ಟು ಅವರಿಗೆ ಕೊಡಬೇಡಿ. ಹಾಗೊಂದು ಭರ್ತಿಯನ್ನು ಯಾರೂ ಮಾಡಿಸಲಾರರು.

ಭೂಸೇನೆಯ ಪ್ಯಾರಾ ವಿಶೇಷ ಪಡೆಯಾಗಲಿ, ನೌಕಾಪಡೆಯ ಮಾರ್ಕೋಸ್ ಆಗಲಿ, ಮೊದಲು ಸೇನೆ ಸೇರಬೇಕು. ಆಮೇಲೆ ತಾನಾಗಿಯೇ ಹೆಸರು ಕೊಡಬೇಕು. ತಿಂಗಳುಗಟ್ಟಲೆ ಪರೀಕ್ಷೆ: ಬೆನ್ನ ಮೇಲೆ ಭಾರ, ಕಣ್ಣಿಗೆ ನಿದ್ದೆಯಿಲ್ಲ. ಹೆಚ್ಚಿನವರು ವಾಪಸು ಹೋಗುತ್ತಾರೆ. ಹೋದವರು ಸೈನಿಕರಾಗಿಯೇ ಉಳಿಯುತ್ತಾರೆ, ಅದೇನು ಕಡಿಮೆಯೇ? ಆಗ್ರಾದಲ್ಲಿ ಪ್ಯಾರಾಶೂಟ್ ಜಿಗಿತದ ತರಬೇತಿ ಬೇರೆ ಇದೆ. ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ 1999ರಲ್ಲಿ ಸೇರಿದ್ದು ಬಿಹಾರ ರೆಜಿಮೆಂಟಿಗೆ. ಎನ್.ಎಸ್.ಜಿ.ಗೆ ಹೋದದ್ದು ಅಲ್ಲಿಂದ.

ಹಾಗಾದರೆ ನಮ್ಮ ಮಕ್ಕಳಿಗೆ ಬಾಗಿಲು ಎಲ್ಲಿ? ಹತ್ತಿರದ್ದು ವಿಜಯಪುರದ ಸೈನಿಕ ಶಾಲೆ, 1963ರದು. ಆರನೇ ತರಗತಿಗೆ 10ರಿಂದ 12 ವರ್ಷದೊಳಗಿನವರು ಪ್ರವೇಶ ಪರೀಕ್ಷೆ ಬರೆಯಬೇಕು, ಕನ್ನಡದಲ್ಲೇ ಬರೆಯಬಹುದು. ಒಂಬತ್ತನೆಯದಕ್ಕೆ ಮಾತ್ರ ಇಂಗ್ಲಿಷ್. ಅದಕ್ಕೇ ಐದನೆಯದರಲ್ಲೇ ಎಚ್ಚರವಾಗಿ ಎನ್ನುತ್ತೇನೆ. ಈಗ ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ಪಿ.ಯು.ಸಿ. ಮುಗಿಸಿದವರಿಗೆ ಎನ್.ಡಿ.ಎ., ಪದವೀಧರರಿಗೆ ಸಿ.ಡಿ.ಎಸ್.

ಹತ್ತನೇ ತರಗತಿಯವರಿಗೆ ಅಗ್ನಿವೀರ್. ಸಾಮಾನ್ಯ ಸೈನಿಕ ಹುದ್ದೆಗೆ ಒಟ್ಟು ಶೇ. 45, ಪ್ರತಿ ವಿಷಯದಲ್ಲಿ ಶೇ. 33 ಅಂಕ ಬೇಕು. "ಪಾಸಾದರೆ ಸಾಕು ಸರ್" ಎನ್ನುವ ಹುಡುಗರೇ, ಸಾಕಾಗುವುದಿಲ್ಲ. ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷೆ, ಆಮೇಲೆ ಮೈದಾನ. 1.6 ಕಿ.ಮೀ.ಯನ್ನು ಐದೂವರೆ ನಿಮಿಷದಲ್ಲಿ ಓಡಿದರೆ ಪೂರ್ತಿ 60 ಅಂಕ, ಹತ್ತು ಪುಲ್‌ಅಪ್‌ಗೆ 40. ಎನ್.ಸಿ.ಸಿ. ಪ್ರಮಾಣಪತ್ರಕ್ಕೆ ಹೆಚ್ಚುವರಿ ಅಂಕವಿದೆ. ನಾಲ್ಕು ವರ್ಷದ ಮೇಲೆ ಕಾಯಂ ಆಗುವವರು ಶೇ. 25ರವರೆಗೆ ಮಾತ್ರ, ಇದನ್ನು ಮನೆಯಲ್ಲಿ ಕೂತು ಮೊದಲೇ ಮಾತಾಡಿಕೊಳ್ಳಿ. ಬೆಳಗಾವಿ ಹತ್ತಿರವೆಂದು ಅಲ್ಲಿಗೆ ಓಡಬೇಡಿ, ನಮ್ಮ ಜಿಲ್ಲೆ ಸೇರುವುದು ಮಂಗಳೂರಿನ ಭರ್ತಿ ಕಚೇರಿಗೆ.

ನಾನು ಕಂಡ ದೊಡ್ಡ ತೊಡಕು ಓಟದ್ದಲ್ಲ, ಹೆಸರಿನದು. ಆಧಾರಿನಲ್ಲಿ ಮೊಹಮ್ಮದ್, ಅಂಕಪಟ್ಟಿಯಲ್ಲಿ ಮಹಮ್ಮದ್, ಟಿ.ಸಿ.ಯಲ್ಲಿ ಬರೀ "ಎಂ.ಡಿ." ಶಾಲೆಯಲ್ಲಿರುವಾಗಲೇ ತಿದ್ದಿಸಿದರೆ ಒಂದು ಅರ್ಜಿಯ ಕೆಲಸ, ಬಿಟ್ಟರೆ ವರ್ಷಗಟ್ಟಲೆ ಅಲೆದಾಟ.

"ನಮ್ಮವರನ್ನು ತಗೋತಾರೇನು ಸರ್?" ಎಂದು ಒಬ್ಬ ತಾಯಿ ಮೆಲ್ಲಗೆ ಕೇಳಿದರು. ಅಮ್ಮಾ, 1948ರಲ್ಲಿ ನೌಶೇರಾ ಕಾದ 50ನೇ ಪ್ಯಾರಾ ಬ್ರಿಗೇಡಿನ ನಾಯಕ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್. 1965ರಲ್ಲಿ ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ದರ್ಜಿಯ ಮಗ. 2025ರಲ್ಲಿ ಟಿ.ವಿ.ಯಲ್ಲಿ ದೇಶಕ್ಕೆಲ್ಲ ವಿವರ ಕೊಟ್ಟ ಕರ್ನಲ್ ಸೋಫಿಯಾ ಖುರೇಷಿ ಗೋಕಾಕ ತಾಲೂಕಿನ ಸೊಸೆ.

ದಾನಿಗಳಲ್ಲಿ ಒಂದು ವಿನಂತಿ. ಸೈನಿಕ ಶಾಲೆಯ ಶುಲ್ಕ ನೇಕಾರರ ಮನೆಗೆ ಹಗುರವಲ್ಲ. ಅಲ್ಲಿ ಸೀಟು ಸಿಕ್ಕ ಮಗುವಿಗೆ ಬಟ್ಟೆ, ಪುಸ್ತಕದ ಖರ್ಚನ್ನಾದರೂ ನೋಡಿ.

ಐದನೇ ತರಗತಿ ಮಕ್ಕಳ ಪಾಲಕರು ಊಟವಾದ ಮೇಲೆ ಸ್ವಲ್ಪ ಹೊತ್ತು ಇರಿ. ಜನನ ಪ್ರಮಾಣಪತ್ರ, ಆಧಾರ್ ತಂದಿದ್ದರೆ ಹೆಸರುಗಳನ್ನು ನಾನೇ ತಾಳೆ ನೋಡಿಕೊಡುತ್ತೇನೆ.