ಇದ್ದೂ ಕಾಣದ ನೆರವು



ನಾನು ಅಧ್ಯಾಪಕನಾಗಿದ್ದ ಕಾಲೇಜಿನಲ್ಲಿ ಬಡ ವಿದ್ಯಾರ್ಥಿಗಳ ಸಹಾಯ ನಿಧಿಯೊಂದಿತ್ತು. ಅದರ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ. ಒಂದು ವರ್ಷ ಮಾರ್ಚಿ ತಿಂಗಳ ಸಭೆಯಲ್ಲಿ ಲೆಕ್ಕ ನೋಡಿದರೆ, ಹಣವೆಲ್ಲ ಹಾಗೆಯೇ ಉಳಿದಿತ್ತು. 'ಅರ್ಜಿಗಳು ಬಂದಿಲ್ಲ' ಎಂದು ನಡಾವಳಿಯಲ್ಲಿ ಬರೆದು, ಸಹಿ ಹಾಕಿ ಎದ್ದೆವು. ಅದೇ ವರ್ಷ ನನ್ನ ತರಗತಿಯ ಹುಡುಗನೊಬ್ಬ ಪರೀಕ್ಷೆಯ ಶುಲ್ಕ ಕಟ್ಟಲಾರದೆ ಓದು ಬಿಟ್ಟಿದ್ದ. ಎಷ್ಟೋ ವರ್ಷಗಳ ಮೇಲೆ ಅವನನ್ನು ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿರುವುದನ್ನು ಕಂಡೆ. ಮಾತಿನ ನಡುವೆ ನಿಧಿಯ ವಿಚಾರ ಬಂತು. "ಅಂಥದ್ದೊಂದು ಇತ್ತೇ ಸಾರ್?" ಎಂದ. ನನಗೆ ಮಾತು ಹೊರಡಲಿಲ್ಲ.

ಪ್ರಕಟಣೆ ಇರಲಿಲ್ಲವೆ? ಇತ್ತು. ಜುಲೈಯಲ್ಲಿ ಅಂಟಿಸಿದ ಹಾಳೆ, ವೇಳಾಪಟ್ಟಿಗಳ ಅಡಿಯಲ್ಲಿ ಮುಚ್ಚಿಹೋಗಿತ್ತು. 'ಅರ್ಹರು ನಿಗದಿತ ನಮೂನೆಯಲ್ಲಿ ಸಲ್ಲಿಸತಕ್ಕದ್ದು' ಎಂಬ ಕಚೇರಿಯ ಭಾಷೆ ಬೇರೆ. ಹುಡುಗನಿಗೆ ಕಷ್ಟ ಬಂದದ್ದು ಜನವರಿಯಲ್ಲಿ.

ಈ ಸಂದರ್ಭದಲ್ಲಿ ನನಗೆ ಎಸ್. ಆರ್. ರಂಗನಾಥನ್ ಅವರು ನೆನಪಾಗುತ್ತಾರೆ. ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಎರಡು ನಮ್ಮ ವಿಷಯಕ್ಕೆ ಬಹಳ ಹತ್ತಿರದವು. ಪ್ರತಿಯೊಂದು ಪುಸ್ತಕವೂ ತನ್ನ ಓದುಗನನ್ನು ಸೇರಬೇಕೆಂಬುದು ಒಂದು. ಓದುಗನ ವೇಳೆ ವ್ಯರ್ಥವಾಗಬಾರದೆಂಬುದು ಇನ್ನೊಂದು. ಪುಸ್ತಕವೆಂದಿರುವಲ್ಲಿ ನೆರವು ಎಂದು ಓದಿಕೊಳ್ಳಿ. ಕಪಾಟಿನಲ್ಲಿ ಕುಳಿತ ಪುಸ್ತಕದಂತೆಯೇ ಕಡತದಲ್ಲಿ ಕುಳಿತ ನಿಧಿಯೂ.

ಒಳ್ಳೆಯ ಗ್ರಂಥಸೂಚಿಯಲ್ಲಿ 'ಇದನ್ನು ನೋಡಿ' ಎಂಬ ಚೀಟಿಗಳಿರುತ್ತವೆ. ಕಾಮಾಲೆ ಎಂದು ಹುಡುಕಿದವನನ್ನು ಅವು ಯಕೃತ್ತಿನ ರೋಗಗಳ ಕಡೆಗೆ ಕಳಿಸುತ್ತವೆ. ಓದುಗನಿಗೆ ಗೊತ್ತಿರುವ ಮಾತಿನಿಂದಲೇ ದಾರಿ ಹೊರಡುತ್ತದೆ. ನಮ್ಮ ಸಂಸ್ಥೆಗಳ ಪಟ್ಟಿಗಳಾದರೋ ಶಾಖೆ, ಸಮಿತಿ, ಕೋಶಗಳ ಹೆಸರಿನಲ್ಲಿರುತ್ತವೆ. ಕಷ್ಟದಲ್ಲಿರುವವನಿಗೆ ಗೊತ್ತಿರುವುದು ಸಮಿತಿಯ ಹೆಸರಲ್ಲ, ತನ್ನ ಕಷ್ಟ.

ಆದುದರಿಂದ ಪ್ರತಿ ಸಂಸ್ಥೆಯೂ ಒಂದೇ ಹಾಳೆಯನ್ನು ಕಷ್ಟದ ಮಾತಿನಲ್ಲೇ ಬರೆಯಲಿ. 'ಶುಲ್ಕಕ್ಕೆ ಹಣವಿಲ್ಲ', 'ಯಾರೋ ಪೀಡಿಸುತ್ತಿದ್ದಾರೆ', 'ಮನಸ್ಸು ಕುಗ್ಗಿದೆ'. ಪ್ರತಿಯೊಂದರ ಎದುರಿಗೆ ಯಾರನ್ನು, ಯಾವ ಕೊಠಡಿಯಲ್ಲಿ, ಎಷ್ಟು ಹೊತ್ತಿಗೆ ಕಾಣಬೇಕೆಂಬುದಿರಲಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆ, ದೂರು ಕೇಳುವ ಸಮಿತಿಯ ವಿವರವನ್ನು ಎದ್ದುಕಾಣುವಂತೆ ಪ್ರದರ್ಶಿಸಬೇಕೆಂದೇ ವಿಧಿಸಿದೆ. ಮನಸ್ಸಿನ ನೋವಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಇದನ್ನೂ ಆ ಹಾಳೆಯಲ್ಲಿ ಸೇರಿಸಬಹುದು. ಹಾಳೆಯನ್ನು ಕಚೇರಿಯ ಬಾಗಿಲಿಗಷ್ಟೇ ಅಂಟಿಸದೆ ಕ್ಯಾಂಟೀನು, ವಿದ್ಯಾರ್ಥಿನಿಲಯ, ನೀರಿನ ನಲ್ಲಿಯ ಬಳಿ ಅಂಟಿಸಬೇಕು. ವರ್ಷಕ್ಕೊಮ್ಮೆಯಲ್ಲ, ಶುಲ್ಕ ಕಟ್ಟುವ ಕಾಲಕ್ಕೆ ಮತ್ತೊಮ್ಮೆ ತರಗತಿಯಲ್ಲಿ ಓದಿ ಹೇಳಬೇಕು.

ಹಾಳೆಯಿಂದಲೇ ಎಲ್ಲವೂ ಆಗದು. ಸಂಕೋಚವುಳ್ಳವನು ಮೊದಲು ಕೇಳುವುದು ಜವಾನನನ್ನೋ ಗುಮಾಸ್ತನನ್ನೋ. 'ಅದು ನನ್ನ ಕೆಲಸವಲ್ಲ' ಎಂಬ ಮಾತು ಅಲ್ಲಿ ಬಂದರೆ ಅವನು ಎರಡನೆಯ ಬಾಗಿಲು ತಟ್ಟುವುದಿಲ್ಲ. ಆ ಹಾಳೆಯನ್ನು ಮೊದಲು ಓದಬೇಕಾದವರು ಅವರು, ಬಳಿಕ ಅಧ್ಯಾಪಕರು. ಹಾಜರಿ ಕೂಗುವಾಗ ಮೂರು ದಿನ ಉತ್ತರ ಬಾರದ ಹೆಸರೊಂದಿದ್ದರೆ, ಅದನ್ನೇ ಅರ್ಜಿಯೆಂದು ತಿಳಿಯಬೇಕಾಗಿತ್ತು. ನಾನು ಗೈರುಹಾಜರಿಯ ಗುರುತು ಹಾಕಿ ಮುಂದಿನ ಹೆಸರಿಗೆ ಹೋದೆ.

ನಿಮ್ಮ ನಿಮ್ಮ ಸಂಸ್ಥೆಗಳಲ್ಲಿ ಯಾವ ನಿಧಿ ಹಾಗೆಯೇ ಉಳಿದಿದೆಯೋ, ನಾಳೆ ಒಮ್ಮೆ ವಿಚಾರಿಸಿ.