ನೀಲೇಗೌಡ ಕೇಳಿದ ಭಾಷೆ

ಮಲೆ ಮಾದೇಶ್ವರನ, ನಮ್ಮ ಮಾದಪ್ಪನ ಕಥೆ ಗೊತ್ತಿಲ್ಲದವರು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಹಾಗಾಗಿ ಉತ್ತರಾಜಮ್ಮನ ಮಗ ಕುಂತೂರು ಮಠಕ್ಕೆ ಬಂದದ್ದು, ಸುತ್ತೂರು ಮಠದಲ್ಲಿ ರಾಗಿ ಬೀಸಿದ್ದು, ಹುಲಿಯೇರಿ 77 ಮಲೆಗೆ ಒಡೆಯನಾದದ್ದು ಇವನ್ನೆಲ್ಲ ಬಿಡಿಸಿ ಹೇಳುವ ಅಗತ್ಯವಿಲ್ಲ. ಕಂಸಾಳೆಯೂ ಅಷ್ಟೆ. ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ಗೊಂಡೆ ಕಟ್ಟಿದ ತಾಳ, ಪಕ್ಕದಲ್ಲಿ ದಮ್ಮಡಿ, ಏಕತಾರಿ. 1996ರಲ್ಲಿ ನಾಗಾಭರಣರ ‘ಜನುಮದ ಜೋಡಿ’ ಸಿನಿಮಾ ಬಂದ ಮೇಲಂತೂ ಕಂಸಾಳೆ ನಾಡಿಗೆಲ್ಲ ಪರಿಚಯ. ಆದರೆ ವೇದಿಕೆಯ ಮೇಲೆ ಎಗರಿ ಎಗರಿ ಬೀಸುವ ಕಂಸಾಳೆ ಆ ಕಲೆಯ ಒಂದು ಮಗ್ಗುಲು ಮಾತ್ರ. ಇನ್ನೊಂದು ಮಗ್ಗುಲು ರಾತ್ರಿಯಿಡೀ ಕೂತು ಹಾಡುವ ಕಥೆ. ಈ ಹೊತ್ತಿನ ಮಾತು ಅದರ ಬಗ್ಗೆ, ಅದರಲ್ಲೂ ಅದು ಕೇಳುವವರ ಮೈ ಜುಮ್ಮೆನ್ನಿಸುವ ಬಗೆಯ ಬಗ್ಗೆ.

ಹೆದರಿಕೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕೊಳ್ಳೇಗಾಲದ ಮಾಟ. ಸಿನಿಮಾದಲ್ಲಿ ನಿಂಬೆಹಣ್ಣು, ಬೊಂಬೆ, ಸೂಜಿ ಕಂಡರೆ ಸಾಕು, ಮುಂದಿನ ಮಾತು ಕೊಳ್ಳೇಗಾಲದ್ದೇ. ರೇಷ್ಮೆಗೆ ಹೆಸರಾದ ಊರಿನವರಿಗೆ ಈ ತಮಾಷೆ ಕೇಳಿ ಕೇಳಿ ಸಾಕಾಗಿದೆ. ನಿಜವಾದ ಭಯದ ಕಸುಬು ಇಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಮಂತ್ರವಾದಿಗಳಿಗಲ್ಲ, ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡುವ ದೇವರಗುಡ್ಡರಿಗೆ.

ಅವರು ಕಥೆಯನ್ನು ಸಾಲು ಸಾಲಾಗಿ ಒಡೆಯುತ್ತಾರೆ. ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಸಂಕಮ್ಮನ ಸಾಲು. ಒಂದು ರಾತ್ರಿಗೆ ಒಂದು ಸಾಲು ದಕ್ಕಿದರೆ ಹೆಚ್ಚು. ಪಿ.ಕೆ. ರಾಜಶೇಖರ ಅವರ ಸಂಗ್ರಹ 1973ರಲ್ಲೇ ಅಚ್ಚಾಯಿತು. ಹೆಬ್ಬಣಿ ಮಾದಯ್ಯ ಹಾಡಿದ ಪಾಠವನ್ನು ಕೇಶವನ್ ಪ್ರಸಾದ್ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು. ಕೈಯಲ್ಲಿ ಹಿಡಿದರೆ ಮಣಿಕಟ್ಟು ನೋಯುವ ಪುಸ್ತಕ. ಅದನ್ನು ಓದಿದವರಿಗೆ ಕಥೆ ಸಿಗುತ್ತದೆ, ಕಥೆಯ ನಡಿಗೆ ಸಿಗುವುದಿಲ್ಲ. ಎಲ್ಲಿ ನಿಲ್ಲಿಸಿದರು, ಎಲ್ಲಿ ಎಲೆಯಡಿಕೆ ಕೇಳಿದರು, ಎಲ್ಲಿ ಬೇಕೆಂದೇ ಮಾತು ಬೆಳೆಸಿದರು ಎಂಬುದು ಅಚ್ಚಿನಲ್ಲಿ ಇಳಿಯುವುದಿಲ್ಲ.

ಅದಕ್ಕೇ ಹನೂರಿನಾಚೆ, ಕೌದಳ್ಳಿ ದಾರಿಯ ಒಂದು ಹಟ್ಟಿಯಲ್ಲಿ ಕೇಳಿದ ಸಂಕಮ್ಮನ ಸಾಲಿನ ಮಾತು ಇಲ್ಲಿ ಬರಲೇಬೇಕು. ಹರಕೆಯ ಕಥೆ. ಜಗುಲಿಯ ಮೇಲೆ ಕಂಬಳಿ ಹಾಸಿದ್ದರು, ದೀಪ ಹಚ್ಚಿದ್ದರು. ಹಾಡಿದವರು ಹಲ್ಲು ಅರ್ಧ ಉದುರಿದ್ದ ಒಬ್ಬ ಹಿರಿಯ ದೇವರಗುಡ್ಡರು. ಹೆಸರು ಹೇಳಿದರೆ ಅವರ ಮನೆಯವರಿಗೆ ಸಂಕೋಚವಾದೀತು, ಊರಿನವರಿಗೆ ಹೇಳದಿದ್ದರೂ ಗೊತ್ತಾದೀತು.

ಕಥೆಯ ನೀಲೇಗೌಡ ಸೋಲಿಗರವನು, ಕಾಡಿನ ಜೇನು ಕೀಳುವವನು. ಹೆಂಡತಿ ಸಂಕಮ್ಮ. ಮಕ್ಕಳಿಲ್ಲ. ಆತ ಕಾಡಿಗೆ ಹೊರಡಬೇಕು, ಹೊರಡುವ ಮುನ್ನ ಹೆಂಡತಿಯಿಂದ ಭಾಷೆ ಬೇಕು: ತಾನಿಲ್ಲದಾಗ ಪರಪುರುಷನ ಮುಖ ನೋಡುವುದಿಲ್ಲವೆಂದು ಕೈಮೇಲೆ ಕೈಯಿಟ್ಟು ಆಣೆ ಮಾಡಬೇಕು. ಇಷ್ಟೇ ಸಂಗತಿ. ಪುಸ್ತಕದಲ್ಲಿ ಬೇಗ ಮುಗಿದುಹೋಗುವ ಈ ಭಾಗಕ್ಕೆ ಆ ಹಿರಿಯರು ಹೆಚ್ಚುಕಡಿಮೆ ಒಂದು ಗಂಟೆ ತೆಗೆದುಕೊಂಡರು. ಅದರ ಬಹುಪಾಲಿನಲ್ಲಿ ನೀಲೇಗೌಡ ಒಳ್ಳೆಯವನು. ಹೆಂಡತಿಗೆ ಗೆಣಸು ತಂದುಕೊಡುತ್ತಾನೆ, ಅವಳ ತಲೆ ನೇವರಿಸುತ್ತಾನೆ, ಬಂಡೆಯ ನೆತ್ತಿಯಿಂದ ಬಳ್ಳಿ ಹಗ್ಗ ಹಿಡಿದು ಇಳಿಯುವವನ ಜೀವಭಯವನ್ನು ನಗುನಗುತ್ತ ಹೇಳುತ್ತಾನೆ. ಹೆಜ್ಜೇನಿನ ಬಂಡೆಯಿಂದ ಬಿದ್ದು ಸತ್ತವರ ಕಥೆ ಕೇಳಿಯೇ ಬೆಳೆದ ಜನ ಎದುರಿಗೆ ಕೂತಿದ್ದರು. ಅವರಿಗೆ ಗೌಡನ ಮೇಲೆ ಕರುಣೆ ಹುಟ್ಟಿತು. ಕರುಣೆ ಹುಟ್ಟಿಸಿದ ಮೇಲೆ ಹಾಡುಗಾರರು ಮೊದಲ ಸಲ ಭಾಷೆ ಕೇಳಿಸಿದರು. ತಮಾಷೆಯ ದನಿಯಲ್ಲಿ.

ಎರಡನೆಯ ಸಲ ಕೇಳಿದಾಗ ದಮ್ಮಡಿ ನಿಂತಿತು.

ಮೂರನೆಯ ಸಲ ಅವರು ತಾಳವನ್ನು ಬಟ್ಟಲಿನ ಬಾಯಿಗೆ ಒತ್ತಿ ಹಿಡಿದುಬಿಟ್ಟರು. ಅಷ್ಟು ಹೊತ್ತು ಕಿವಿ ತುಂಬಿದ್ದ ಕಂಚಿನ ದನಿ ತಟ್ಟನೆ ಸತ್ತುಹೋಯಿತು. ಹಾಡು ಬಿಟ್ಟು ಬರೀ ಮಾತಿನಲ್ಲಿ, ಅದೂ ಪಕ್ಕದ ಹಿಮ್ಮೇಳದವನ ಕಡೆ ತಿರುಗಿ, ಪಿಸುಮಾತಿನಲ್ಲಿ ಕೇಳಿದರು. ರೂಢಿಯಂತೆ ‘ಹೂಂ’ ಅನ್ನಬೇಕಾದ ಹಿಮ್ಮೇಳದವನೂ ಅನ್ನಲಿಲ್ಲ. ಹೆಂಗಸರ ಗುಂಪಿನಿಂದ ಒಬ್ಬ ಅಜ್ಜಿ, “ಕೊಡಬ್ಯಾಡ ಕನವ್ವಾ!” ಅಂದುಬಿಟ್ಟರು. ಸಂಕಮ್ಮನಿಗೆ ಹೇಳಿದ್ದು ಅದು. ಹಾಡುಗಾರರು ಅಜ್ಜಿಯ ಕಡೆ ನೋಡಿ, ಸಣ್ಣಗೆ ತಲೆಯಾಡಿಸಿ, ಎಲೆಯಡಿಕೆ ಚೀಲ ಬಿಚ್ಚಿದರು! ವಾರಪತ್ರಿಕೆಯ ಧಾರಾವಾಹಿಗಳಲ್ಲಿ ‘ಮುಂದುವರಿಯುವುದು’ ಎಂದು ಹಾಕುವ ಸಂಪಾದಕರು ಆ ಬಿಚ್ಚುವಿಕೆಯನ್ನು ನೋಡಿ ಕಲಿಯಬೇಕಿತ್ತು.

ಸಂಕಮ್ಮ ಭಾಷೆ ಕೊಡುವುದಿಲ್ಲ. ಮದುವೆಯ ದಿನ ಕೈಹಿಡಿದದ್ದೇ ಭಾಷೆ, ಇನ್ನೊಂದು ಯಾಕೆ ಎಂಬುದು ಅವಳ ವಾದ. ಅಲ್ಲಿಯವರೆಗೆ ಗಂಡನ ಮಾತಿಗೆ ಎದುರಾಡದ ಹೆಣ್ಣು ಆ ಒಂದು ನಿರಾಕರಣೆಯಿಂದ ಕಥೆಯ ಯಜಮಾನಿಯಾಗುತ್ತಾಳೆ. ಅತ್ತ ಗೌಡ ಇಳಿಯತೊಡಗುತ್ತಾನೆ. ಬೈಗುಳ, ಹೊಡೆತ, ಆಮೇಲೆ ಚಿತ್ರಹಿಂಸೆ, ಕೊನೆಗೆ ನಡುಗಾಡಿನ ಗುಡಿಸಲಿನಲ್ಲಿ ಅವಳನ್ನು ಕೆಡವಿ ಸುತ್ತಲೂ ಮಂತ್ರದ ಕಟ್ಟು ಹಾಕುವುದು. ಹಿಂಸೆಯ ವಿವರ ಒಬ್ಬೊಬ್ಬರ ಪಾಠದಲ್ಲಿ ಒಂದೊಂದು ಬಗೆ. ಕೆಲವರು ಅಲ್ಲಿ ದನಿಯೆತ್ತಿ ಕಂಸಾಳೆ ಬಡಿದು ಅಬ್ಬರಿಸುತ್ತಾರೆ. ಆ ಹಿರಿಯರು ಅಬ್ಬರಿಸಲಿಲ್ಲ. ಸಂತೆಯ ಲೆಕ್ಕ ಒಪ್ಪಿಸುವವರಂತೆ, ಒಂದೊಂದೇ ಕಟ್ಟನ್ನು, ಒಂದೇ ದನಿಯಲ್ಲಿ ಎಣಿಸುತ್ತ ಹೋದರು. ತಲೆ ನೇವರಿಸಿದ್ದ ಕೈಯೇ ಕಟ್ಟು ಹಾಕುತ್ತಿದೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಿರಲಿಲ್ಲ, ಒಂದು ಗಂಟೆಯ ಹಿಂದೆಯೇ ಆ ಕೈಯನ್ನು ತೋರಿಸಿಟ್ಟಿದ್ದರು.

ಇಡೀ ಮಾದೇಶ್ವರ ಕಾವ್ಯದಲ್ಲಿ ರಾಕ್ಷಸ ಎಂದು ಹೆಸರಾದವನು ಶ್ರವಣ. ಬಂಕಾಪುರಿಯ ದೊರೆ, ದೇವತೆಗಳನ್ನೇ ಸೆರೆಯಲ್ಲಿಟ್ಟವನು. ಮಾದಪ್ಪ ಹರಳಯ್ಯನಿಂದ ಅರಗಿನ ಪಾದರಕ್ಷೆ ಮಾಡಿಸುವ, ಅದನ್ನು ಮೆಟ್ಟಿದ ಶ್ರವಣ ಉರಿದುಹೋಗುವ ಭಾಗ ಅದ್ಭುತವೇ ಸರಿ. ಆದರೂ ಶ್ರವಣನ ಸಾಲು ಕೇಳಿ ನಿದ್ದೆಗೆಟ್ಟವರಿಲ್ಲ. ಅವನು ಬರುವಾಗಲೇ ಕೆಟ್ಟವನು, ಹೋಗುವಾಗಲೂ ಅಷ್ಟೇ ಕೆಟ್ಟವನು. ಬೆಳವಣಿಗೆಯಿಲ್ಲ. ನೀಲೇಗೌಡ ಹೆದರಿಸುವಷ್ಟು ಶ್ರವಣ ಹೆದರಿಸಲಾರ.

ಪಾದರಕ್ಷೆ ಎಂದಾಗ ಯಳಂದೂರಿನವರು ಸುಮ್ಮನಿರುವುದಿಲ್ಲ, ಅವರ ಬಿಳಿಗಿರಿರಂಗನಿಗೂ ಎರಡು ವರ್ಷಕ್ಕೊಮ್ಮೆ ಬೂದಿತಿಟ್ಟಿನಿಂದ ಭಾರಿ ಚರ್ಮದ ಪಾದರಕ್ಷೆ ಬರುತ್ತದೆ. ಮೆಟ್ಟು ಹೊಲಿಯುವ ಕೈಗೆ ಈ ಸೀಮೆಯ ದೇವರುಗಳು ಕೊಟ್ಟ ಗೌರವ ಬೇರೆಯೇ ಒಂದು ಭಾಷಣದ ವಸ್ತು. ರಂಗಪ್ಪ ಸೋಲಿಗರ ಕುಸುಮಾಲೆಯನ್ನು ಕೈಹಿಡಿದು ಅವರೆಲ್ಲರಿಗೂ ಬಾವನಾದದ್ದು ಮತ್ತೊಂದು. ಒಂದೇ ಕಾಡು, ಒಂದೇ ಜನ. ಆ ಬೆಟ್ಟದಲ್ಲಿ ಅಳಿಯನ ಕಥೆ, ಈ ಬೆಟ್ಟದಲ್ಲಿ ಅನುಮಾನದ ಗಂಡನ ಕಥೆ. ಇರಲಿ.

ಅನುಮಾನದಂತೆಯೇ ಸಣ್ಣದಾಗಿ ಹುಟ್ಟಿ ಬೆಳೆಯುವ ಗೀಳಿನ ಮಾತು ಬಂದಾಗ ಜಪಾನಿನ ಜುಂಜಿ ಇಟೊ ಬರೆದ ‘ಉಜುಮಾಕಿ’ ಎಂಬ ಚಿತ್ರಕಥೆಯನ್ನೂ ಹೇಳಬೇಕು. 1998–99ರಲ್ಲಿ ಅಲ್ಲಿನ ವಾರಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಬಂದದ್ದು, ಈಗಿನ ಹುಡುಗರ ಮೊಬೈಲಿನಲ್ಲೆಲ್ಲ ಇದೆ. ಮೊದಲ ಕಂತಿನಲ್ಲಿ ಭೂತ ಪ್ರೇತ ಯಾವುದೂ ಇಲ್ಲ. ಒಬ್ಬ ಗೃಹಸ್ಥ ಓಣಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬಸವನಹುಳುವಿನ ಚಿಪ್ಪಿನ ಸುರುಳಿಯನ್ನು ನೋಡುತ್ತಿದ್ದಾನೆ, ಅಷ್ಟೆ. ಆ ನೋಟವೇ ಮುಂದೆ ಅವನನ್ನೂ, ಮನೆಯನ್ನೂ, ಇಡೀ ಊರನ್ನೂ ನುಂಗುತ್ತದೆ. ಇಟೊ ಭಯಂಕರ ಚಿತ್ರವನ್ನು ಹಾಳೆ ಮಗುಚಿದ ಮೇಲೆ ಸಿಗುವಂತೆ ಇಡುತ್ತಾನೆ, ಓದುಗ ತಾನೇ ಕೈಯಾರೆ ಮಗುಚಬೇಕು. ನಮ್ಮ ದೇವರಗುಡ್ಡರಿಗೆ ಹಾಳೆಯಿಲ್ಲ, ಬಟ್ಟಲಿಗೆ ಒತ್ತಿದ ತಾಳವಿದೆ.

ಕಟ್ಟು ಬಿದ್ದ ಮೇಲೆ ಮಾದಪ್ಪ ಬಂದು ಬಿಡಿಸಬೇಕಲ್ಲ? ಬರುತ್ತಾನೆ, ತಕ್ಷಣ ಬರುವುದಿಲ್ಲ. ಇದು ಈ ಸಾಲಿನ ಎರಡನೆಯ ಚಮತ್ಕಾರ. ಹಾಡುಗಾರರು ಸಂಕಮ್ಮನನ್ನು ಅಲ್ಲೇ ಬಿಟ್ಟು, ಮಾದಪ್ಪ ಮಲೆಯಲ್ಲಿ ಏನು ಮಾಡುತ್ತಿದ್ದ, ಹುಲಿಗೆ ಏನೆಂದ, ಯಾವ ದಾರಿ ಹಿಡಿದ ಎಂದು ನಿಧಾನವಾಗಿ ನಡೆಸುತ್ತಾರೆ. ಕೂತವರು ಚಡಪಡಿಸುತ್ತಾರೆ. ಜಂಗಮನ ವೇಷದಲ್ಲಿ ಕೊನೆಗೂ ಬಂದ ದೇವರು ಕಟ್ಟು ಬಿಡಿಸಿ, ಮಕ್ಕಳ ವರ ಕೊಟ್ಟಾಗ “ಉಘೇ ಮಾದಪ್ಪ” ಎಂದು ಇಡೀ ಹಟ್ಟಿ ಕೂಗಿತು. ಕೂಗಿ ಸಮಾಧಾನವಾಗುವುದರೊಳಗೆ ಮತ್ತೆ ಭಯ. ಯಾಕೆಂದರೆ ಗಂಡ ಮರಳಿ ಬರುತ್ತಾನೆ, ಬಂದು ಬಸುರಿಯನ್ನು ನೋಡುತ್ತಾನೆ. ದೇವರ ವರವೇ ಅವಳ ಮೇಲಿನ ಆರೋಪಕ್ಕೆ ಸಾಕ್ಷಿಯಾಗುವ ಈ ತಿರುವಿನ ಮುಂದೆ ಬರೆದ ಕಾದಂಬರಿಗಳು ಸಪ್ಪೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಮಾತ್ರ ಹೊರತಾಗಿಡಬಹುದು. ಅಲ್ಲಿ ರಾತ್ರಿ ಹೊತ್ತು ಸೇರಿ ಮಾತಾಡುವ ದೀಪದ ಜೋತಮ್ಮಗಳು ಇದೇ ಸೀಮೆಯ ಕಥೆ ಕೇಳಿದ ಕಿವಿಯಿಂದಲೇ ಬಂದವರು.

ಸಂಕಮ್ಮ ಪರೀಕ್ಷೆಗಳನ್ನು ಗೆಲ್ಲುತ್ತಾಳೆ, ಕಾರಯ್ಯ ಬಿಲ್ಲಯ್ಯರನ್ನು ಹಡೆಯುತ್ತಾಳೆ. ಆ ಮಕ್ಕಳೂ ಅವಳ ಮಡಿಲಲ್ಲಿ ಉಳಿಯದೆ ಮಾದಪ್ಪನ ಸೇವೆಗೆ ಸೇರುತ್ತಾರೆ. ಅಷ್ಟೆಲ್ಲ ಹೋರಾಡಿ ಪಡೆದದ್ದನ್ನು ಕೊಟ್ಟ ದೇವರೇ ಕೇಳುವಾಗ ಅವಳು ಏನು ಹೇಳುತ್ತಾಳೆ ಎಂಬುದನ್ನು ಆ ಹಿರಿಯರು ಬೆಳಗಿನ ಜಾವ ಹಾಡಿದ ರೀತಿ… ಸ್ಟುಡಿಯೊದ ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ, 2 ನಿಮಿಷವಂತೆ.

ಹಾಗಾದರೆ ಓಡಬೇಕು. ಕ್ಯಾಸೆಟ್ಟಿನ ಕಾಲದ ಬಗ್ಗೆ ಹೇಳುವುದು ಉಳಿಯಿತು: ಮಳವಳ್ಳಿ ಮಹದೇವಸ್ವಾಮಿ, ಮೈಸೂರು ಗುರುರಾಜ್ ಅವರ ದನಿಯಲ್ಲಿ ಈ ಕಥೆಗಳು ಟೀ ಅಂಗಡಿ, ಟ್ರ್ಯಾಕ್ಟರುಗಳಿಗೆಲ್ಲ ತಲುಪಿದವು. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಅರ್ಧ ಗಂಟೆ ಎಂಬ ಲೆಕ್ಕದಲ್ಲಿ ಕಥೆಯ ಓಟವೂ ಚುರುಕಾಯಿತು. ಅದು ಲಾಭವೂ ಹೌದು, ನಷ್ಟವೂ ಹೌದು. ಬೇವಿನಹಟ್ಟಿ ಕಾಳಮ್ಮನ ಸೊಕ್ಕು, ಆಲಂಬಾಡಿ ಜುಂಜೇಗೌಡನ ಭಕ್ತಿ ಎರಡನ್ನೂ ಮುಟ್ಟಲಾಗಲಿಲ್ಲ. ಮಂಟೇಸ್ವಾಮಿ ಪರಂಪರೆಯ ಕಥೆ ಹಾಡುವ ನೀಲಗಾರರ ತಂಬೂರಿ ಕಥೆಯೂ ಬಾಕಿ. ಸತ್ತ ಕರುವನ್ನು ಹೆಗಲಿಗೇರಿಸಿಕೊಂಡು ಕಲ್ಯಾಣಕ್ಕೆ ಬರುವ ಮಂಟೇಸ್ವಾಮಿ, ಹಲಗೂರಿಗೆ ಕಬ್ಬಿಣ ಬೇಡಲು ಹೋಗುವ ಅವನ ಶಿಷ್ಯ ಸಿದ್ದಪ್ಪಾಜಿ. ಹಲಗೂರಿನ ಪವಾಡಗಳು ಒಂದರ ಮೇಲೊಂದು ಬರುವುದರಿಂದ ಸಾಮಾನ್ಯ ಹಾಡುಗಾರರ ಬಾಯಲ್ಲಿ ನಡುವೆ ಜೋತುಬೀಳುತ್ತವೆ, ಪಳಗಿದವರು ಒಂದೊಂದಕ್ಕೂ ಬೇರೆ ಬೇರೆ ನಡೆ ಕೊಡುತ್ತಾರೆ. ಪುಷ್ಯದ ಹುಣ್ಣಿಮೆಗೆ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಗೆ ಹೋಗುವವರು ಮೊದಲ ರಾತ್ರಿ ಚಂದ್ರಮಂಡಲ ಉರಿದದ್ದನ್ನು ನೋಡಿ, ಈ ಸಲ ಮಳೆ ಯಾವ ದಿಕ್ಕಿಗೆ ಎಂದು ಲೆಕ್ಕ ಹಾಕಿ ಹಾಗೇ ಬಸ್ಸಿಗೆ ಓಡಬೇಡಿ. ಜಾತ್ರೆ 5 ದಿನ. ಬಯಲಿನಲ್ಲಿ ಬಿಡಾರ ಹೂಡಿದವರ ನಡುವೆ ಎಲ್ಲಾದರೂ ತಂಬೂರಿ ಕೇಳಿಸುತ್ತದೆ. ಹೋಗಿ ಕೂತು, ಹಲಗೂರಿನ ಸಾಲು ಹಾಡಿ ಎಂದು ಕೇಳಿ. ಅದರಲ್ಲೂ ಸಿದ್ದಪ್ಪಾಜಿ ಕಬ್ಬಿಣದ ಕಸುಬಿನ ಪಾಂಚಾಳರ ಮುಂದೆ ನಿಲ್ಲುವ ಭಾಗ ಬಂದಾಗ ಹಾಡುಗಾರರ ಮುಖವನ್ನಲ್ಲ, ತಂಬೂರಿಯ ಮೇಲಿನ ಬೆರಳನ್ನು ನೋಡಿ, ಅಲ್ಲಿ ಅವರು… ಸಮಯ ಮುಗಿಯಿತಂತೆ.