ಸುತ್ತು ಬಿಚ್ಚಬೇಡಿ



ಉತ್ತರ ಕನ್ನಡದ ಮುಂಡಗೋಡ ದೊಡ್ಡ ಊರೇನಲ್ಲ. ಆದರೆ ಅಲ್ಲಿನ ಪೇಟೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಕನ್ನಡ, ಕೊಂಕಣಿ, ಮರಾಠಿ, ಉರ್ದು, ಲಂಬಾಣಿ, ಟಿಬೆಟನ್ ಎಲ್ಲ ಕಿವಿಗೆ ಬೀಳುತ್ತವೆ. ಕಾಡಿನಂಚಿನಲ್ಲಿ ಎಮ್ಮೆ ಸಾಕುವ ಗೌಳಿಗರಿದ್ದಾರೆ, ಲಂಬಾಣಿ ತಾಂಡಾಗಳಿವೆ, ಸಿದ್ದಿಗಳ ಮನೆಗಳಿವೆ. 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ನೆಲೆ ಕಳೆದುಕೊಂಡು ಬಂದ ಟಿಬೆಟನ್ನರಿಗೆ ಇದೇ ತಾಲೂಕಿನಲ್ಲಿ ಜಾಗ ಸಿಕ್ಕಿತು. ಊರವರ ಬಾಯಲ್ಲಿ ಅದು ಈಗಲೂ ‘ಕ್ಯಾಂಪ್’.

ಇಂಥ ಊರಿನಲ್ಲಿ ಹಲವು ಸಮುದಾಯಗಳ ಸಾಂಸ್ಕೃತಿಕ ಸಂಜೆಗೆ ತಂಡಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಷಾಮಿಯಾನ ಏಳುತ್ತದೆ, ಮೈಕು ಬರುತ್ತದೆ, ಒಂದೊಂದು ತಂಡಕ್ಕೆ ಹತ್ತು ನಿಮಿಷ. ಸಿದ್ದಿಗಳ ಡಮಾಮಿ ವಾದ್ಯದ ಕುಣಿತ, ಲಂಬಾಣಿ ಕುಣಿತ, ಟಿಬೆಟನ್ನರ ಹಾಡು. ಶಾಲು, ಸ್ಮರಣಿಕೆ, ವಂದನಾರ್ಪಣೆ. ಒಳ್ಳೆಯ ಕೆಲಸವೇ. ಆದರೂ ಮನಸ್ಸಿಗೆ ಒಂದು ಸಂಗತಿ ಚುಚ್ಚುತ್ತದೆ.

ತಾಂಡಾದ ಹೆಂಗಸರು ಕುಣಿಯುವುದು ಸುತ್ತುಗಟ್ಟಿ. ಚಪ್ಪಾಳೆ ತಟ್ಟುತ್ತ ಬಾಗಿ ಏಳುವಾಗ ಫೇಟಿಯಾ ಲಂಗದ ಕನ್ನಡಿಗಳು ಎದುರಿನವಳ ಮುಖಕ್ಕೆ ಬೆಳಕು ಚೆಲ್ಲುತ್ತವೆ. ಸಿದ್ದಿ ಹೆಂಗಸರ ಪುಗಡಿ ಕುಣಿತದಲ್ಲೂ ಸುತ್ತೇ ಮುಖ್ಯ. ಟಿಬೆಟನ್ನರ ಗೊರ್ಶೆಯಂತೂ ಹೆಸರಿನಲ್ಲೇ ಸುತ್ತಿನ ಹಾಡು. ಅಜ್ಜಿ, ಮೊಮ್ಮಗ, ಅಂಗಡಿಯವನು ಎಲ್ಲರೂ ಒಂದೇ ಬಳೆಯಾಗಿ ಹೆಜ್ಜೆ ಹಾಕುತ್ತಾರೆ. ಹೆಜ್ಜೆ ಗೊತ್ತಿಲ್ಲದವರು ಮುಂದಿನವರ ಕಾಲು ನೋಡಿಕೊಂಡು ಕಲಿಯುತ್ತಾರೆ. ಎಲ್ಲಿಯವರೋ ಎಲ್ಲಿಯವರೋ, ಆದರೆ ಈ ಮೂವರೂ ಸಂತೋಷವಾದಾಗ ಮಾಡುವುದು ಒಂದನ್ನೇ: ಒಬ್ಬರ ಮುಖ ಒಬ್ಬರು ನೋಡುತ್ತ ಸುತ್ತುವುದು. ಅಲ್ಲಿ ನೋಡುಗರೆಂಬ ಬೇರೆ ಜಾತಿಯಿಲ್ಲ. ಹೊಸಬರಿಗೆ ಇಬ್ಬರ ನಡುವೆ ಜಾಗ ಬಿಡುತ್ತಾರೆ, ಅಷ್ಟೆ.

ಅದೇ ಕುಣಿತ ವೇದಿಕೆ ಹತ್ತಿದ ಕೂಡಲೇ ಸುತ್ತು ಬಿಚ್ಚಿ ಸಾಲಾಗುತ್ತದೆ. ಮುಖಗಳೆಲ್ಲ ಮುಂದಿನ ಸಾಲಿನ ಅತಿಥಿಗಳತ್ತ ತಿರುಗುತ್ತವೆ. ಪಕ್ಕದವಳನ್ನು ನೋಡಿ ನಗುತ್ತಿದ್ದವಳು ಈಗ ಕ್ಯಾಮೆರಾಕ್ಕೆ ನಗಬೇಕು.

ನಿರೂಪಣೆಯ ಮಾತುಗಳೂ ಹಾಗೇ. ಸಿದ್ದಿ ತಂಡ ಬಂದರೆ ‘ಆಫ್ರಿಕಾದ ಕಲೆ’ ಎನ್ನುತ್ತೇವೆ. ಅವರ ಹಿರಿಯರನ್ನು ಗುಲಾಮರಾಗಿ ಹಡಗಿನಲ್ಲಿ ತಂದು ಶತಮಾನಗಳೇ ಕಳೆದಿವೆ. ತಪ್ಪಿಸಿಕೊಂಡವರು ಘಟ್ಟದ ಕಾಡಿನಲ್ಲಿ ಬದುಕು ಕಟ್ಟಿದರು. ಇಂದು ಅವರು ಮನೆಯಲ್ಲಿ ಆಡುವುದು ಮರಾಠಿ, ಕನ್ನಡ ಬೆರೆತ ಕೊಂಕಣಿ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಪರಿಶಿಷ್ಟ ಪಂಗಡವೆಂಬ ಮಾನ್ಯತೆ ಅವರಿಗೆ ದಕ್ಕಿದ್ದು 2003ರಲ್ಲಿ. ಇಷ್ಟು ಕಾಲ ಇದೇ ಮಳೆಯಲ್ಲಿ ನೆನೆದವರನ್ನು ನಾವೇಕೆ ಇನ್ನೂ ಸಮುದ್ರದಾಚೆ ನಿಲ್ಲಿಸಿ ಪರಿಚಯಿಸಬೇಕು? ಕ್ಯಾಂಪಿನಲ್ಲಿ ಹುಟ್ಟಿ, ಇಲ್ಲೇ ಶಾಲೆ ಕಲಿತ ಹುಡುಗಿಗೂ ಇದೇ ಮಾತು ಸಲ್ಲುತ್ತದೆ.

ವೇದಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಮೈಬಣ್ಣ, ಗುಂಗುರು ಕೂದಲಿಗಾಗಿ ಅಣಕಿಸಿಕೊಂಡ ಮಕ್ಕಳು ಅದೇ ಊರಿನ ಚಪ್ಪಾಳೆ ಕೇಳಿಸಿಕೊಳ್ಳಬೇಕು. ಅದು ಅವರಿಗೆ ಸಲ್ಲಬೇಕಾದದ್ದು. ಆದರೆ ಚಪ್ಪಾಳೆ ತಟ್ಟಿ ಮನೆಗೆ ಹೋದವರಿಗೆ ಮರುದಿನ ಬಸ್ಸಿನಲ್ಲಿ ಪಕ್ಕ ಕೂತ ಸಿದ್ದಿ ಅಕ್ಕನ ಹೆಸರು ಗೊತ್ತಿರುವುದಿಲ್ಲ. ಒಂದು ಸಲ ಕೈ ಹಿಡಿದು ಸುತ್ತು ಹಾಕಿದವರು ಹೆಸರು ಕೇಳದೆ ಇರುವುದು ಕಷ್ಟ.

ನಿಮ್ಮ ಊರಿನಲ್ಲೂ ಇಂಥ ಸಂಜೆ ನಡೆಸುವವರಿದ್ದರೆ, ಅವರಲ್ಲಿ ನನ್ನದೊಂದು ಕೋರಿಕೆ. ಕೊನೆಯ ಅರ್ಧ ಗಂಟೆ ವೇದಿಕೆ ಖಾಲಿ ಬಿಡಿ. ಮುಂದಿನ ನಾಲ್ಕು ಸಾಲು ಕುರ್ಚಿ ಎತ್ತಿಸಿ. ಡಮಾಮಿ ನೆಲಕ್ಕಿಳಿಯಲಿ. ಮುಖ್ಯ ಅತಿಥಿಗಳೂ ಚಪ್ಪಲಿ ಬಿಟ್ಟು ಬರಲಿ.